ಮೋಟಾರ್ ನ್ಯೂರಾನ್ ಕಾಯಿಲೆ: ನರರೋಗ ತಜ್ಞರನ್ನು ಕೇಳಿ

ಹಾಸನದ ಸದಸ್ಯೆ: ಡಾಕ್ಟ್ರೇ, ಅಪ್ಪನಿಗೆ ಎ.ಎಲ್.ಎಸ್. (ಮೋಟಾರ್ ನ್ಯೂರಾನ್ ಕಾಯಿಲೆಯ ಮುಖ್ಯ ಬಗೆ) ಇದೆ. ರೋಗನಿರೋಧಕ ಶಕ್ತಿಯೇ ಸ್ನಾಯು ತಿಂದುಹಾಕುತ್ತೆ ಅಂತಾರೆ. ಸ್ಟೀರಾಯ್ಡ್ ಕೊಟ್ಟು ತಗ್ಗಿಸಬಾರದಾ?

ಡಾಕ್ಟರ್: ಬೇಡಮ್ಮ. ಸ್ನಾಯು ಒಣಗೋದು ಅದರ ನರಕೋಶ ಸಾಯೋದರಿಂದ. ಬೆನ್ನುಹುರಿಯಲ್ಲಿರೋ ರೋಗನಿರೋಧಕ ಕೋಶಗಳಾದ ಮೈಕ್ರೋಗ್ಲಿಯಾ ಕೆರಳಿ ಆ ಸಾವನ್ನ ಬೇಗ ಮಾಡ್ತವೆ. ಎಸ್‌ಒಡಿ1 ಜೀನ್ ದೋಷದ ಇಲಿಗಳಲ್ಲಿ ಮೈಕ್ರೋಗ್ಲಿಯಾದಿಂದಷ್ಟೇ ಆ ದೋಷ ತೆಗೆದಾಗ ಕಾಯಿಲೆ ಶುರುವಾಗೋದು ತಪ್ಪಲಿಲ್ಲ, ಆಮೇಲಿನ ವೇಗ ತಗ್ಗಿತು. ಆದ್ರೆ ಇದೇ ರೋಗನಿರೋಧಕ ವ್ಯವಸ್ಥೆಯ, ಅದರ ಅಬ್ಬರ ತಡೆಯೋ ಟಿ-ರೆಗ್ ಕೋಶಗಳು ನರವನ್ನ ಕಾಯುತ್ತವೆ. ಎಲ್ಲವನ್ನೂ ಒಟ್ಟಿಗೆ ಅದುಮಿದರೆ ಕಾವಲೂ ಹೋಗುತ್ತೆ. ಉರಿಯೂತ ತಗ್ಗಿಸುತ್ತೆ ಅಂತ ಕೊಟ್ಟ ಮಿನೋಸೈಕ್ಲಿನ್ 2007ರ ಪ್ರಯೋಗದಲ್ಲಿ ರೋಗಿಗಳನ್ನ ಇನ್ನೂ ಬೇಗ ಕುಗ್ಗಿಸಿತು. ಸ್ಟೀರಾಯ್ಡಂತೂ ತಾನೇ ತೊಡೆಯ ಸ್ನಾಯು ಕರಗಿಸುತ್ತೆ.

ಮಂಡ್ಯದ ಸದಸ್ಯ: 48 ದಿನ ಅಶ್ವಗಂಧದ ಕಷಾಯ ಕುಡಿದ್ರೆ ನರ ಚಿಗುರುತ್ತಂತೆ. ಫಾರ್ವರ್ಡ್ ಹಾಕಿದೀನಿ.

ಡಾಕ್ಟರ್: ಎ.ಎಲ್.ಎಸ್. ಔಷಧ ರಿಲುಝೋಲ್ 50 ಮಿ.ಗ್ರಾಂ ದಿನಕ್ಕೆರಡು ಸಲ ತಗೊಳ್ಳೋರಿಗೆ ಮೊದಲ 3 ತಿಂಗಳು ಪ್ರತಿ ತಿಂಗಳೂ ಲಿವರ್ ಟೆಸ್ಟ್ ಮಾಡಿಸ್ತೀವಿ. ಅಶ್ವಗಂಧದಿಂದಲೂ ಲಿವರ್ ಕೆಟ್ಟ ವರದಿಗಳಿವೆ. ಎರಡೂ ಸೇರಿ ಕೆಟ್ಟರೆ ನಿಲ್ಲಿಸಬೇಕಾಗೋದು ರಿಲುಝೋಲ್ ಕೂಡ.

ಧಾರವಾಡದ ಸದಸ್ಯ: ನಮ್ಮಣ್ಣಗ 41. ಎರಡು ವರ್ಷದಿಂದ ಬಲಗೈ ಬೆರಳು ಮ್ಯಾಲೆ ಎತ್ತಾಕ ಆಗವಲ್ದು. ಜೋಮಿಲ್ಲ, ಮಾತು, ನುಂಗೂದು ಸರಿ ಅದ. ಎಂ.ಎನ್.ಡಿ. (ಮೋಟಾರ್ ನ್ಯೂರಾನ್ ಕಾಯಿಲೆ) ಅಂತ ಹೇಳ್ಯಾರ್ರೀ.

ಡಾಕ್ಟರ್: ಮುಂಗೈ ಮಾಂಸ ಕರಗಿದೆಯಾ?

ಧಾರವಾಡದ ಸದಸ್ಯ: ಇಲ್ರೀ, ಎಡಗೈಯಂಗ ಅದ.

ಡಾಕ್ಟರ್: ಹಾಗಾದ್ರೆ ಇಷ್ಟಕ್ಕೇ ಒಪ್ಪಬೇಡಿ. ಮಾಂಸ ಉಳಿದು ಬಲ ಮಾತ್ರ ಹೋಗಿದ್ರೆ, ನರ ಸತ್ತಿರೋದಕ್ಕಿಂತ ಸಂಕೇತ ನಡುದಾರಿಯಲ್ಲಿ ತಡೆದಿರೋ ಅನುಮಾನ ಹೆಚ್ಚು. ಮಲ್ಟಿಫೋಕಲ್ ಮೋಟಾರ್ ನ್ಯೂರೋಪಥಿಯಲ್ಲಿ ಹೀಗಾಗುತ್ತೆ. ಅಲ್ಲಿ ರೋಗನಿರೋಧಕ ವ್ಯವಸ್ಥೆಯೇ ಮೂಲ, ಔಷಧವೂ ಇದೆ. ನರವಹನ ಪರೀಕ್ಷೆಯನ್ನ ಮಣಿಕಟ್ಟು, ಮೊಣಕೈಗೆ ನಿಲ್ಲಿಸದೆ ಕಂಕುಳು, ಕೊರಳೆಲುಬಿನ ಮೇಲಿನ ಎರ್ಬ್ ಬಿಂದುವಿನವರೆಗೂ ಮಾಡಿಸಿ. ಸಂಕೇತ ತಡೆಯಾಗೋ ಜಾಗ, ಅಂದ್ರೆ ಕಂಡಕ್ಷನ್ ಬ್ಲಾಕ್, ಹುಡುಕೋಕೆ ಹೇಳಿ. ರಕ್ತದಲ್ಲಿ ಜಿಎಂ1 ಐಜಿಎಂ ಪ್ರತಿಕಾಯ ನೋಡಿಸಿ, ನೆಗೆಟಿವ್ ಬಂದ್ರೂ ಕೈಬಿಡಬೇಡಿ. ಖಚಿತವಾದರೆ ಐವಿಐಜಿ (ದಾನಿಗಳ ರಕ್ತದಿಂದ ತೆಗೆದ ಪ್ರತಿಕಾಯಗಳ ಡ್ರಿಪ್): ಕೆಜಿಗೆ 2 ಗ್ರಾಂ, 2ರಿಂದ 5 ದಿನಕ್ಕೆ ಹಂಚಿ. 60 ಕೆಜಿ ಇದ್ದರೆ 120 ಗ್ರಾಂ. ಸ್ಟೀರಾಯ್ಡ್ ಇಲ್ಲೂ ಬೇಡ, ಬಲ ಇನ್ನೂ ಕುಸಿಯಬಹುದು.

ಮೈಸೂರಿನ ಸದಸ್ಯ: ಎ.ಎಲ್.ಎಸ್.ಗೂ ಐವಿಐಜಿ ಕೊಟ್ಟು ನೋಡಬಹುದಲ್ಲ?

ಡಾಕ್ಟರ್: ಕೆಲಸ ಮಾಡಲ್ಲ.

ಮಂಡ್ಯದ ಸದಸ್ಯ: ಲಕ್ಷಗಟ್ಟಲೆ ಸುರಿಯೋ ಬದಲು ಕಷಾಯ ಕುಡಿದ್ರೆ ಏನ್ರೀ ನಷ್ಟ?

ಮೈಸೂರಿನ ಸದಸ್ಯ: ಲಿವರ್ ನಷ್ಟ. ಮೇಲೆ ಬರೆದಿದ್ದಾರಲ್ಲ, ಓದಿ.

ಮಂಡ್ಯದ ಸದಸ್ಯ: ನಿಮ್ಮನ್ನ ಕೇಳಿಲ್ಲ.

ಕಾರವಾರದ ಸದಸ್ಯೆ: ಎಸ್‌ಒಡಿ1 ದೋಷದ ಎ.ಎಲ್.ಎಸ್.ಗೆ ಕೊಡೋ ಟೋಫರ್ಸನ್ ಇಂಜೆಕ್ಷನ್ ತರಿಸೋದು ಹೇಗೆ?

ತುಮಕೂರಿನ ಸದಸ್ಯ: ಸಾರ್, ಸ್ಟೀರಾಯ್ಡ್ ಕೊಡಬಹುದಾ?

ಡಾಕ್ಟರ್: ಮೇಲೆ ಓದಿ. ಇನ್ನೊಂದು ಕಷಾಯ ಬಂದ್ರೆ ಅಳಿಸ್ತೀನಿ. ಧಾರವಾಡದವರೇ, ನರವಹನ ಪರೀಕ್ಷೆಯ ರಿಪೋರ್ಟಿನ ಕೊನೇ ಸಾಲು ಸಾಲದು; ಅಲೆಗಳ ಗೆರೆ ಇರೋ ಪುಟಗಳನ್ನ ಅಣ್ಣನ ಹೆಸರು ಮುಚ್ಚಿ ಹಾಕಿ.