ಹಳೇ ನಕ್ಷೆಯಲ್ಲಿ ನಮ್ಮ ಗಜನಿ (ಅಳಿವೆಯಂಚಿನ ಉಪ್ಪುನೀರು ಗದ್ದೆ) ಬರೀ ಜವುಗು ಅಂತಿದೆ, ನಂಬಬಹುದಾ?

ಅಳಿವೆ_ಹುಡುಗ:
ಅಘನಾಶಿನಿ ಅಳಿವೆಯ ಮಾಣಿಕಟ್ಟಾ ಕಡೆ ನಮ್ಮ ಅಜ್ಜ ಉಪ್ಪು ತಡೆಯುವ ಕಗ್ಗ ಭತ್ತ ಬೆಳೆಯುತ್ತಿದ್ದರು. ಈಗ ಅಲ್ಲಿ ಸಿಗಡಿ, ಅಂಚಿಗೆಲ್ಲ ಕಾಂಡ್ಲಾ (ಮ್ಯಾಂಗ್ರೋವ್) ಗಿಡ. ಸರ್ವೆ ಆಫ್ ಇಂಡಿಯಾದ ಹಳೇ ಒಂದಿಂಚು ನಕ್ಷೆ ಸಿಕ್ಕಿತು ಅಂತ ಖುಷಿಯಿಂದ ನೋಡಿದರೆ, ನಮ್ಮ ಜಾಗದಲ್ಲಿ ಜವುಗಿನ ಹುಲ್ಲಿನ ಗುರುತು ಬಿಟ್ಟರೆ ಬೇರೇನೂ ಇಲ್ಲ. ಗದ್ದೆಯ ಹಳದಿ ಬಣ್ಣವೂ ಇಲ್ಲ. ಅಲ್ಲಿ ಗದ್ದೆ ಇರಲೇ ಇಲ್ಲ ಅಂತ ಚಿಕ್ಕಪ್ಪ ಪಟ್ಟು ಹಿಡಿದಿದ್ದಾರೆ. ಇನ್ನೊಂದು, ಉಪಗ್ರಹ ಚಿತ್ರದ ಮೇಲೆ ಇಟ್ಟರೆ ಕಟ್ಟೆಯೂ ಹೊಂದುತ್ತಿಲ್ಲ.

ನಕ್ಷೆಪ್ರಿಯ:
ಅಜ್ಜನ ಮಾತು ತಳ್ಳಿಹಾಕಬೇಡಿ. ಆಗಿನ ಸರ್ವೆ ತಂಡಗಳು ಮಳೆ ಮುಗಿದ ಮೇಲೆ ಹೊರಟು, ಬೇಸಿಗೆಯ ಕೊನೆಗೆ ವಾಪಸಾಗಿ, ಮಳೆಗಾಲ ಪೂರ್ತಿ ಕಚೇರಿಯಲ್ಲಿ ಕೂತು ನಕ್ಷೆ ಬಿಡಿಸುತ್ತಿದ್ದವು. ಕಗ್ಗ ಮಳೆಗಾಲದ ಬೆಳೆ ಅಲ್ವಾ? ಮಳೆ ನೀರು ಮಣ್ಣಿನ ಉಪ್ಪು ತೊಳೆದ ಮೇಲೆ ಬಿತ್ತನೆ, ಕೊಯ್ಲಾದ ಮೇಲೆ ಕಟ್ಟೆಯ ಬಾಗಿಲು ತೆಗೆದು ಉಪ್ಪುನೀರು ಒಳಗೆ ಬಿಡುವುದು. ಅವರು ಬಂದು ನಿಂತಾಗ ಕಂಡಿದ್ದು ನೀರು, ಕೆಸರು. ಅದನ್ನೇ ಬರೆದಿದ್ದಾರೆ.

ಅಳತೆಯನ್ನೂ ನೋಡಿ. ಮೈಲಿಗೆ ಒಂದಿಂಚು ಅಂದರೆ ಒಂದು ಎಕರೆ ಹಾಳೆಯ ಮೇಲೆ 1 ಮಿ.ಮೀ. ಚೌಕ. ಅಷ್ಟರಲ್ಲಿ ಒಬ್ಬರ ಗದ್ದೆ ಹೇಗೆ ಕಾಣಬೇಕು?

ಜಿಐಎಸ್_ಕಲಿಯುತ್ತಿರುವೆ:
ಕಟ್ಟೆ ಹೊಂದದಿರುವುದಕ್ಕೆ ಕಾರಣ ಬೇರೆ. ಭೂಮಿಯ ಆಕಾರದ ಲೆಕ್ಕ ಎರಡರಲ್ಲೂ ಬೇರೆ ಬೇರೆ: ಹಳೇ ಹಾಳೆ ಎವರೆಸ್ಟ್ ಲೆಕ್ಕದ್ದು, ಈಗಿನ ಚಿತ್ರ ಡಬ್ಲ್ಯುಜಿಎಸ್ 84 ಲೆಕ್ಕದ್ದು. ಸುಮ್ನೆ ಅಕ್ಷಾಂಶ ರೇಖಾಂಶ ಹಾಕಿ ಕೂರಿಸಿದರೆ ನಮ್ಮ ಕರಾವಳಿಯಲ್ಲಿ 100 ಮೀಟರ್‌ಗಿಂತ ಹೆಚ್ಚೇ ಸರಿಯುತ್ತದೆ. ಸಾಫ್ಟ್‌ವೇರ್‌ನಲ್ಲಿ ಅದನ್ನು ಮೊದಲು ಬದಲಿಸಿ, ಆಮೇಲೆ ಹಳೇ ದೇವಸ್ಥಾನ ಅಥವಾ ಗುಡ್ಡದ ತುದಿಗೆ ತಾಳೆ ನೋಡಿ. ಹೊಳೆಯ ದಂಡೆಗೆ ಮಾತ್ರ ತಾಳೆ ಹಾಕಬೇಡಿ, ಅದು ಉಬ್ಬರ ಇಳಿತಕ್ಕೆ ಬದಲಾಗುತ್ತಲೇ ಇರುತ್ತದೆ. ಅಂದಹಾಗೆ ಅಳಿವೆ ಎರಡು ಹಾಳೆಗಳಲ್ಲಿ ಹಂಚಿಹೋಗಿದೆ: ಗೋಕರ್ಣದ ಕಡೆ 48 ಜೆ/6, ಕುಮಟಾ ಕಡೆ 48 ಜೆ/7. ಎರಡೂ ಜೋಡಿಸಿ.

ಕುಮಟಾದವಳು:
ಗದ್ದೆ ಇತ್ತೋ ಇಲ್ಲವೋ ಅನ್ನುವುದಕ್ಕೆ ಕಂದಾಯ ಇಲಾಖೆಯ ಗ್ರಾಮ ನಕ್ಷೆಯೇ ಸರಿ. ಅದು ಮೈಲಿಗೆ 8 ಇಂಚು, ಸರ್ವೆ ನಂಬರ್‌ಗಳ ಗಡಿಯೆಲ್ಲ ಇರುತ್ತದೆ. ಜೊತೆಗೆ ಆಕಾರಬಂದ್ ತೆಗೆಸಿ. ಸಾಗುವಳಿ ಎಷ್ಟು, ಖರಾಬು (ಸಾಗುವಳಿಗೆ ಬಾರದ ಜಾಗ) ಎಷ್ಟು, ಕಂದಾಯ ಎಷ್ಟು ಎಂದು ಬರೆದಿರುತ್ತದೆ. ಬರೀ ಜವುಗಾಗಿದ್ದರೆ ಕಂದಾಯ ಯಾಕೆ ಕಟ್ಟಿಸಿಕೊಳ್ಳುತ್ತಿದ್ದರು? ನಮ್ಮ ಜಿಲ್ಲೆ 1862ರಿಂದ ಮುಂಬೈ ಪ್ರಾಂತ್ಯದಲ್ಲಿತ್ತು, ಹಾಗಾಗಿ ಹಳೇ ಕಾಗದ ಮರಾಠಿ ಮೋಡಿ ಲಿಪಿಯಲ್ಲಿದ್ದರೆ ಗಾಬರಿ ಬೇಡ, ಓದುವವರು ಸಿಗುತ್ತಾರೆ.

ಅಳಿವೆ_ಹುಡುಗ:
ಮಳೆಗಾಲದ ವಿಷಯ ನನಗೆ ಹೊಳೆದೇ ಇರಲಿಲ್ಲ, ತುಂಬಾ ಥ್ಯಾಂಕ್ಸ್. ಆಕಾರಬಂದ್‌ಗೆ ಸರ್ವೆ ನಂಬರ್ ಸಾಕಾ? ಅದು ಅಜ್ಜಿಯ ಹತ್ತಿರ ಇರುವ ಹಳೇ ರಸೀದಿಯಲ್ಲಿದೆ.

ಕುಮಟಾದವಳು:
ಸಾಕು, ಗ್ರಾಮದ ಹೆಸರೂ ಬರೆಯಿರಿ. ಆ ರಸೀದಿಯ ಫೋಟೋ ಮೊದಲು ತೆಗೆದಿಡಿ.