ಒಂದು ಮುಕ್ಕಾಲು ವರ್ಷದ ಮಗು, ಮನೇಲೆ ಆಫೀಸು, ಹೊರಗೆ ಅಡಿಕೆ ಕೊಯ್ಲು. ಹೆಂಗೆ ಸಂಭಾಳಿಸ್ತೀರಾ?

ತೋಟದಮನೆ_ಅಮ್ಮ:
ಎಲ್ರಿಗೂ ನಮಸ್ಕಾರ. ಸಾಫ್ಟ್‌ವೇರ್ ಟೆಸ್ಟಿಂಗ್ ಕೆಲಸ ನಂದು, ಪೂರ್ತಿ ವರ್ಕ್ ಫ್ರಮ್ ಹೋಮ್. ಮಗ ಹುಟ್ಟಿದ ಮೇಲೆ ಬೆಂಗಳೂರು ಬಿಟ್ಟು ತೀರ್ಥಹಳ್ಳಿ ಹತ್ರ ಅತ್ತೆ ಮನೆಗೆ ಬಂದ್ವಿ. "ಊರಲ್ಲಿ ನೋಡ್ಕೊಳೋರು ಇರ್ತಾರೆ, ನಿಂಗೆಂತ ಚಿಂತೆ" ಅಂತ ಎಲ್ರೂ ಅಂದಿದ್ರು, ನಾನೂ ನಂಬಿದ್ದೆ. ಈಗ ಕೊಯ್ಲು ಶುರುವಾಗಿದೆ, ಅತ್ತೆ ಬೆಳಗಾದ್ರೆ ಸುಲಿಯೋರಿಗೆ ಕಾಫಿ ತಿಂಡಿ ಅಂತ ಒಲೆ ಬಿಟ್ಟು ಏಳಲ್ಲ, ಮಾವಂಗೆ ಮೊಣಕಾಲು ನೋವು, ಮಗು ಹಿಂದೆ ಓಡಕ್ಕಾಗಲ್ಲ, ಗಂಡ ದಿನಾ ಶಿವಮೊಗ್ಗಕ್ಕೆ ಹೋಗಿಬರ್ತಾರೆ, ಎಂಟಕ್ಕೆ ಹೊರಟ್ರೆ ಮನೆ ಸೇರೋದು ರಾತ್ರಿ ಎಂಟಕ್ಕೆ.

ಮೊನ್ನೆ ಕಾಲ್ ನಡೀತಿತ್ತು, ಹತ್ತು ನಿಮಿಷ ಮಗನ ಸದ್ದೇ ಇಲ್ಲ. ಮಕ್ಕಳಿದ್ದ ಮನೇಲಿ ಸದ್ದಿಲ್ಲ ಅಂದ್ರೆ ಗೊತ್ತಲ್ಲ! ಕ್ಯಾಮೆರಾ ಆಫ್ ಮಾಡಿ ಓಡಿದ್ರೆ ಅಂಗಳದಲ್ಲಿ ಚೊಗರಿನ (ಅಡಿಕೆ ಬೇಯಿಸಿದ ಕೆಂಪು ನೀರು) ಬಕೆಟ್‌ಗೆ ಎರಡೂ ಕೈ ಮೊಣಕೈ ತನಕ ಅದ್ದಿ ಕೂತಿದಾನೆ, ಕೆನ್ನೆಗೂ ಬಳ್ಕೊಂಡಿದಾನೆ, ನನ್ನ ನೋಡಿ ನಗ್ತಾನೆ ಬೇರೆ. ಆ ಚೊಗರು ತಣ್ಣಗಾಗಿತ್ತು, ಆದ್ರೆ ಅಡಿಕೆ ಬೇಯೋ ಹಂಡೆ ಅಲ್ಲಿಂದ ನಾಲ್ಕೇ ಹೆಜ್ಜೆ. ಕೆಂಪು ಬಣ್ಣ ಮೂರು ದಿನ ಹೋಗ್ಲಿಲ್ಲ, ನಂಗೆ ಆ ರಾತ್ರಿ ನಿದ್ದೆನೂ ಬರ್ಲಿಲ್ಲ.

ಅವತ್ತಿಂದ ಕಾಲ್ ಇದ್ದಾಗೆಲ್ಲ ಮೊಬೈಲ್ ಕೊಟ್ಟು ಪಕ್ಕದಲ್ಲೇ ಕೂರಿಸ್ತಿದೀನಿ, ಈಗ ಮೊಬೈಲ್ ಕಾಣದೆ ಒಂದು ತುತ್ತೂ ಇಳಿಯಲ್ಲ. ಕೆಲಸ ಬಿಡೋದೊಂದೇ ದಾರಿನಾ?

ಸಾಗರ_ಸೀಮೆ:
ಬಿಡ್ಬೇಡಿ ಮಾರಾಯ್ರೆ, ಅವಸರ ಮಾಡ್ಬೇಡಿ. ನಾನೂ ಇದನ್ನೇ ಅನುಭವಿಸಿದೀನಿ, ನನ್ನ ಮಗಳಿಗೆ ಈಗ ನಾಲ್ಕು. ಮನೇಲಿ ಅಜ್ಜಿ ಇದಾರೆ ಅನ್ನೋದು ಬೇರೆ, ಹನ್ನೊಂದು ಗಂಟೆ ಕಾಲ್‌ಗೆ ಅಜ್ಜಿ ಸಿಗ್ತಾರೆ ಅನ್ನೋದು ಬೇರೆ. ನಾನು ಪಕ್ಕದ ಮನೆ ಅಕ್ಕನಿಗೆ ತಿಂಗಳಿಗೆ ಇಷ್ಟು ಅಂತ ಮಾತಾಡಿ ಹತ್ತರಿಂದ ಒಂದರ ತನಕ ಮಗು ನೋಡೋದಷ್ಟೇ ಕೆಲಸ ಅಂದೆ. ಪಾತ್ರೆ, ಕಸ ಎಂತದೂ ಹೇಳ್ಲಿಲ್ಲ, ಹೇಳಿದ್ರೆ ಮಗು ಮತ್ತೆ ನಮ್ಮ ಕಾಲ ಬುಡಕ್ಕೇ ಬರೋದು. "ಮನೇಲಿ ಇಷ್ಟು ಜನ ಇದ್ದೂ ದುಡ್ಡು ಕೊಡೋದಾ" ಅಂತ ನಮ್ಮತ್ತೆ ಒಂದು ವಾರ ಮುಖ ಊದಿಸ್ಕೊಂಡಿದ್ರು, ಆಮೇಲೆ ಅವರಿಗೇ ಆರಾಮಾಯ್ತು.

ಇನ್ನೊಂದು, ನೀವು ಕಣ್ಣಿಗೆ ಬಿದ್ರೆ ಮಗು ಯಾರ ಹತ್ರನೂ ನಿಲ್ಲಲ್ಲ. ನಾನು ದಿನಾ ಚಪ್ಪಲಿ ಹಾಕ್ಕೊಂಡು ಟಾಟಾ ಮಾಡಿ ಉಣಗೋಲು (ಬಿದಿರುಗಳದ ಗೇಟು) ದಾಟಿ, ಹಿತ್ತಲ ಬಾಗಿಲಿಂದ ಮೆತ್ತಿ (ಮಹಡಿ) ಹತ್ತಿ ಲಾಗಿನ್ ಆಗ್ತಿದ್ದೆ. ಸ್ವಂತ ಮನೆಗೇ ಕಳ್ಳಿ ಥರ! ಒಂದಿನ ಕೆಮ್ಮಿ ಸಿಕ್ಕಿಹಾಕ್ಕೊಂಡೆ ಅದು ಬೇರೆ ಕಥೆ.

ಮತ್ತೆ ಅಡಿಕೆ ಬೇಯಿಸೋ ದಿನ ಅಂಗಳದ ಕಡೆ ಬಾಗಿಲಿಗೆ ಅಡ್ಡ ಹಲಗೆ ಹಾಕಿ, ಅದನ್ನ ನಾಳೆಗೆ ಅಂತ ಇಡ್ಬೇಡಿ.

ಗೋಪಾಳದ_ಅಪ್ಪ:
ಬೇಜಾರಾಗ್ಬೇಡಿ, ಪೋಸ್ಟಲ್ಲಿ ಅತ್ತೆ ಯಾಕೆ ಆಗಲ್ಲ, ಮಾವ ಯಾಕೆ ಆಗಲ್ಲ ಅಂತ ಬರ್ದಿದೀರಿ, ಗಂಡನ ವಿಷ್ಯ ಮಾತ್ರ ಒಂದೇ ಸಾಲಲ್ಲಿ ಮುಗೀತು. ಬೆಳಗ್ಗೆ ಆರರಿಂದ ಎಂಟು ಅವರು ಎಂತ ಮಾಡ್ತಾರೆ? ನಮ್ಮನೇಲಿ ಆ ಎರಡು ಗಂಟೆ ನಂದು, ಸ್ನಾನ, ರಾಗಿ ಮಣ್ಣಿ, ಕಕ್ಕಸು ಎಲ್ಲ ನಾನೇ, ಹೆಂಡ್ತಿ ರೂಮಿನ ಚಿಲಕ ಹಾಕ್ಕೊಂಡು ತಲೆ ಉಪಯೋಗಿಸೋ ಕೆಲಸ ಎಲ್ಲ ಆಗಲೇ ಮುಗಿಸ್ತಾಳೆ. ಮಧ್ಯಾಹ್ನ ಮಗು ಮಲಗಿದಾಗ ಇನ್ನೊಂದಿಷ್ಟು. ಮಿಕ್ಕ ಟೈಮಲ್ಲಿ ಮೇಲ್, ಚಾಟ್ ಥರದ್ದು.

ಮೊಬೈಲ್ ಬಗ್ಗೆ: ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೇಳಿದ ಪ್ರಕಾರ ಒಂದು ವರ್ಷದ ಮಗುಗೆ ಸ್ಕ್ರೀನ್ ಬೇಡವೇ ಬೇಡ, ಎರಡು ವರ್ಷ ಆದ್ಮೇಲೂ ದಿನಕ್ಕೆ 1 ಗಂಟೆ ಒಳಗೆ. ನಾವೂ ತಪ್ಪಿದೀವಿ, ಸುಳ್ಳು ಹೇಳಲ್ಲ. ಆದ್ರೆ ಊಟದ ಹೊತ್ತಿಗೆ ಮಾತ್ರ ಕೊಡ್ಬೇಡಿ, ಅದನ್ನ ಬಿಡಿಸೋಕೆ ನಮಗೆ ಎರಡು ವಾರ ಬೇಕಾಯ್ತು, ಮೊದಲ ನಾಲ್ಕು ದಿನ ನರಕ. ಕೊಟ್ಟಿಗೆ ಹತ್ರ ಎತ್ಕೊಂಡೋಗಿ ಕರು ತೋರಿಸ್ತಾ ಉಣ್ಸಿ, ನಿಮಗೆ ಆ ಅನುಕೂಲ ಇದೆಯಲ್ಲ, ನಾವು ಪೇಟೆಯವರು ಬೀದಿ ನಾಯಿ ತೋರಿಸ್ಬೇಕು.

ಕಡತ_ಕಾಗದ:
ನಾನು ಎಚ್‌ಆರ್ ಕೆಲಸದವಳು, ಕಾನೂನಿನ ವಿಷ್ಯ ಹೇಳ್ತೀನಿ. 2017ರಲ್ಲಿ ಹೆರಿಗೆ ಸೌಲಭ್ಯ ಕಾಯ್ದೆ ತಿದ್ದಿದಾಗ ರಜೆ 12 ವಾರದಿಂದ 26 ವಾರ ಆಯ್ತು, ಅದು ಎಲ್ರಿಗೂ ಗೊತ್ತು. ಅದರಲ್ಲೇ ರಜೆ ಮುಗಿದ ಮೇಲೆ ಮನೆಯಿಂದ ಕೆಲಸ ಮಾಡೋ ಮಾತೂ ಬಂತು, ಆದ್ರೆ ಅದು ಕಂಪನಿ, ನೀವು ಇಬ್ರೂ ಒಪ್ಪಿದ್ರೆ ಮಾತ್ರ, ಹಕ್ಕು ಅಂತ ಜಗಳ ಆಡಕ್ಕಾಗಲ್ಲ. ಕಂಪನೀಲಿ 50 ಅಥವಾ ಅದಕ್ಕಿಂತ ಹೆಚ್ಚು ಜನ ಇದ್ರೆ ಶಿಶುಪಾಲನಾ ಕೇಂದ್ರ ಇಡ್ಬೇಕು ಅಂತಾನೂ ಇದೆ, ಬೆಂಗಳೂರಲ್ಲಿ ಇಟ್ರೆ ತೀರ್ಥಹಳ್ಳಿಯವರಿಗೆ ಎಂತ ಉಪಯೋಗ ಹೇಳಿ. ಅದಕ್ಕೆ ನೀವು ಮ್ಯಾನೇಜರ್ ಹತ್ರ "ಮಗು ಇದೆ, ಕಷ್ಟ" ಅಂತ ಹೇಳ್ಬೇಡಿ. "ಒಂದರಿಂದ ಮೂರು ನಂಗೆ ಕಾಲ್ ಹಾಕ್ಬೇಡಿ, ಆ ಟೈಮನ್ನ ಬೆಳಗ್ಗೆ ತುಂಬಿಸ್ತೀನಿ" ಅಂತ ಟೈಮ್ ಸಮೇತ ಮೇಲ್ ಹಾಕಿ. ಕಷ್ಟಕ್ಕೆ ಅಯ್ಯೋ ಅಂತಾರೆ, ಟೈಮ್ ಕೊಟ್ರೆ ಕ್ಯಾಲೆಂಡರ್ ಬದಲಾಯಿಸ್ತಾರೆ.

ಅಂಗನವಾಡೀಲಿ ಕೂರಿಸೋಕೆ ಮೂರು ವರ್ಷ ತುಂಬ್ಬೇಕು. ಚಿಕ್ಕ ಮಕ್ಕಳಿಗೆ ಕೆಲವು ಗ್ರಾಮ ಪಂಚಾಯ್ತಿಲಿ "ಕೂಸಿನ ಮನೆ" ಇದೆ, ಮುಖ್ಯವಾಗಿ ನರೇಗಾ ಕೆಲಸಕ್ಕೆ ಹೋಗೋ ತಾಯಂದಿರಿಗೆ ಅಂತ ಮಾಡಿದ್ದು. ನಿಮ್ಮಲ್ಲಿ ಇದ್ರೆ ಹೋಗಿ ಕೇಳಿ ನೋಡಿ.

ಘಟ್ಟದ_ಮಳೆ:
ಕೊಯ್ಲು ಮುಗಿಯುತ್ತೆ ಬಿಡಿ, ಮಳೆಗಾಲ ಬರ್ಲಿ ಆಗ ಮಾತಾಡಣ. ಮರ ಬಿದ್ದು ಕರೆಂಟ್ ಹೋಗಿ, ಕಷ್ಟಪಟ್ಟು ಮಲಗಿಸಿದ ಕೂಸು ಇನ್ವರ್ಟರ್ ಬೀಪ್‌ಗೆ ಎದ್ದು ಕೂರುತ್ತೆ. ಈಗಲೇ ಇನ್ವರ್ಟರ್ ಜಾಗ ಬದಲಾಯಿಸಿ 😀

ತೋಟದಮನೆ_ಅಮ್ಮ:
ಎಲ್ರಿಗೂ ಥ್ಯಾಂಕ್ಸ್. @ಗೋಪಾಳದ_ಅಪ್ಪ, ನಿಮ್ಮ ಕಮೆಂಟ್ ಹಂಗೇ ನಮ್ಮೆಜಮಾನ್ರಿಗೆ ಕಳಿಸಿದೆ, ಬ್ಲೂ ಟಿಕ್ ಬಂದಿದೆ, ಉತ್ತರ ಬಂದಿಲ್ಲ. ಆದ್ರೆ ಇವತ್ತು ಬೆಳಗ್ಗೆ ಆರೂವರೆಗೆ ಎದ್ದು ಮಗನಿಗೆ ಸ್ನಾನ ಮಾಡ್ಸಿದ್ರು, ಕಿವಿ ಹಿಂದೆ ಸೋಪು ಹಾಗೇ ಇತ್ತು, ನಾನು ನೋಡ್ಲೇ ಇಲ್ಲ ಅಂದ್ಕೊಂಡು ಲಾಗಿನ್ ಆದೆ. ಸುಲಿಯಕ್ಕೆ ಬರೋ ಒಬ್ಬರ ಮಗಳು ಪಿಯುಸಿ ಮುಗಿಸಿ ಮನೇಲಿದಾಳಂತೆ, ಸೋಮವಾರ ಬರ್ತೀನಿ ಅಂದಿದಾಳೆ. ಹಲಗೆ ಮಾವನೇ ಹೊಡೆದ್ರು. ಮಗ ಅದನ್ನ ಹತ್ತೋಕೆ ಕಲೀತಿದಾನೆ.