ಶೀಟಿನ ಮನೆಗೆ ಯಾವ ಮೈಕ್? ಬ್ಯಾಚ್ ಗುಂಪಿನಲ್ಲಿ ಒಂದು ಜಗಳ

(ಮಡಿಕೇರಿಯಲ್ಲಿ ಡಿಗ್ರಿ ಓದಿದವರ ಗುಂಪು. ಇಲ್ಲಿ ಎಲ್ಲರಿಗೂ ಊರೇ ಹೆಸರು.)

ನಾಪೋಕ್ಲು: [ಲಿಂಕ್: ಸ್ಟುಡಿಯೋ ಕಂಡೆನ್ಸರ್ ಮೈಕ್ ಕಿಟ್, ಸ್ಟ್ಯಾಂಡ್, ಪಾಪ್ ಫಿಲ್ಟರ್ ಸಮೇತ] ಮಗಳಿಗೆ ಮನೆಯಲ್ಲೇ ಭಾವಗೀತೆ ರೆಕಾರ್ಡ್ ಮಾಡಬೇಕಂತೆ. ಇದನ್ನೇ ಆರ್ಡರ್ ಮಾಡುತ್ತೇನೆ. ಇಷ್ಟು ಕಡಿಮೆಗೆ ಇಷ್ಟೆಲ್ಲಾ ಸಾಮಾನು ಕೊಡ್ತಾರೆ!

ವಿರಾಜಪೇಟೆ: ಬೇಡ ಮಾರಾಯ. ಸಾಮಾನು ಎಣಿಸಿ ಮೈಕ್ ತಗೊಳ್ಳಬೇಡ. ಆ ಥರದ ಕಂಡೆನ್ಸರ್, ಅಂದರೆ ಸಣ್ಣ ಸದ್ದನ್ನೂ ಹಿಡಿಯುವ ಮೈಕ್, ಸರಿಯಾಗಿ ಕೆಲಸ ಮಾಡಲು 48 ವೋಲ್ಟ್ ಫ್ಯಾಂಟಮ್ ಪವರ್ (ಮೈಕಿನ ಕೇಬಲ್ಲಿನಲ್ಲೇ ಕೊಡುವ ಕರೆಂಟ್) ಬೇಕು. ಲ್ಯಾಪ್‌ಟಾಪ್‌ನ ಮೈಕ್ ತೂತಿನಿಂದ ಬರುವುದು ಮೂರ್ನಾಲ್ಕು ವೋಲ್ಟ್. ಹಾಡಿಗಿಂತ ಜಾಸ್ತಿ ‘ಸ್‌ಸ್‌’ ಅನ್ನುವ ಸದ್ದೇ ಕೇಳಿಸುತ್ತದೆ.

ಕುಶಾಲನಗರ: ಹಾಗಾದರೆ ಯುಎಸ್‌ಬಿ ಕಂಡೆನ್ಸರ್ ತಗೊಳ್ಳಲಿ. ನನ್ನ ಹತ್ತಿರ ಇದೆ, ಚುಚ್ಚಿದರೆ ಆಯಿತು. ದನಿಯ ಸಣ್ಣ ಸಣ್ಣ ಎಳೆಯೂ ಸಿಗುತ್ತದೆ. ಸ್ಟುಡಿಯೋದವರು ಕಂಡೆನ್ಸರ್ ಇಡುವುದು ಸುಮ್ನೆ ಅಲ್ಲ.

ವಿರಾಜಪೇಟೆ: ಸ್ಟುಡಿಯೋದಲ್ಲಿ ಶೀಟಿನ ಮಾಡು ಇರುವುದಿಲ್ಲ. ಮಳೆ ಕಡಿಮೆ ಇರುವ ಕುಶಾಲನಗರದವರು ಮಳೆ ಬಗ್ಗೆ ಮಾತಾಡಬಾರದು ಅಂತ ಗುಂಪಿನ ನಿಯಮ ಮಾಡಬೇಕು. ನಾಪೋಕ್ಲಿನಲ್ಲಿ ಜುಲೈ ತಿಂಗಳು ಹಾಡು ಕೇಳಿಸುತ್ತದಾ, ಮಾಡು ಕೇಳಿಸುತ್ತದಾ?

ನಾಪೋಕ್ಲು: ಮಾಡೇ. 😂

ವಿರಾಜಪೇಟೆ: ಅದಕ್ಕೇ ಡೈನಾಮಿಕ್ ಮೈಕ್, ಅಂದರೆ ಫ್ಯಾಂಟಮ್ ಪವರ್ ಬೇಡದ, ಸ್ಟೇಜಿನಲ್ಲಿ ಕೈಯಲ್ಲಿ ಹಿಡಿಯುವ ಥರದ್ದು. ಶೂರ್ ಎಸ್‌ಎಂ58 ಥರದ್ದು. 1966ರಿಂದ ಬರುತ್ತಿರುವ ಮೈಕ್, ಈಗಲೂ ಎಲ್ಲಾ ಸ್ಟೇಜಿನಲ್ಲೂ ಅದೇ. ಅದು ಹೊರಗಿನ ಸದ್ದು ತಗೊಳ್ಳುವುದೇ ಇಲ್ಲ.

ಗೋಣಿಕೊಪ್ಪ: ಇದು ಸುಳ್ಳು. ಡೈನಾಮಿಕ್‌ಗೆ ಮಳೆ ಯಾವುದು, ಮಗಳು ಯಾರು ಅಂತ ಗೊತ್ತಾಗುತ್ತದಾ? ಡೈನಾಮಿಕ್, ಕಂಡೆನ್ಸರ್ ಎರಡೂ ಕಾರ್ಡಿಯಾಯ್ಡ್ (ಮುಂದಿನ ಸದ್ದನ್ನೇ ಹೆಚ್ಚು ಹಿಡಿಯುವ ಥರ) ಆಗಿದ್ದು, ಒಂದೇ ದೂರದಲ್ಲಿ ಇಟ್ಟರೆ, ದನಿಗೂ ಮಳೆಗೂ ಇರುವ ಅಂತರ ಹೆಚ್ಚುಕಮ್ಮಿ ಒಂದೇ. ಡೈನಾಮಿಕ್ ಮೈಕಿನ ತೀರಾ ಹತ್ತಿರ ನಿಂತು ಹಾಡುವುದು ನಮಗೆ ಅಭ್ಯಾಸ. ಕೆಲಸ ಮಾಡುವುದು ಆ ಹತ್ತಿರ. ದೂರ ಅರ್ಧ ಮಾಡಿದರೆ ದನಿ ಸುಮಾರು 6 ಡೆಸಿಬಲ್ ಏರುತ್ತದೆ. ಮಳೆ ಇದ್ದಷ್ಟೇ ಇರುತ್ತದೆ.

ಕುಶಾಲನಗರ: ಅಲ್ವಾ! ಹಾಗಾದರೆ ಕಂಡೆನ್ಸರ್‌ಗೂ ಹತ್ತಿರ ನಿಂತು ಹಾಡಲಿ.

ಗೋಣಿಕೊಪ್ಪ: ಹಾಡಬಹುದು. ಆದರೆ ಹತ್ತಿರ ಹೋದ ಹಾಗೆ ‘ಪ’, ‘ಬ’ ಬಂದಾಗ ಗಾಳಿ ಢಬ್ ಅಂತ ಹೊಡೆಯುತ್ತದೆ, ದನಿ ದಪ್ಪವೂ ಆಗುತ್ತದೆ. ಸ್ಟೇಜಿನ ಡೈನಾಮಿಕ್ ಮಾಡಿರುವುದೇ ಬಾಯಿ ಹತ್ತಿರ ಹಿಡಿಯಲು, ಅದು ತಡೆದುಕೊಳ್ಳುತ್ತದೆ. ಇನ್ನೊಂದು ವಿಷಯ, ತೇವ. ನಮ್ಮ ಮಳೆಗಾಲದಲ್ಲಿ ಕಪಾಟಿನ ಬಟ್ಟೆಗೇ ಬೂಷ್ಟು. ಕಂಡೆನ್ಸರಿನ ಒಳಗೆ ತೇವ ಹೋದರೆ ಚಟಪಟ ಸದ್ದು ಶುರು. ಸಿಲಿಕಾ ಜೆಲ್ ಹಾಕಿ ಡಬ್ಬದಲ್ಲಿ ಇಡಬೇಕು. ಡೈನಾಮಿಕ್‌ಗೆ ಅಷ್ಟು ಉಪಚಾರ ಬೇಡ.

ವಿರಾಜಪೇಟೆ: ಅಂದರೆ ಕೊನೆಗೆ ನಾನು ಹೇಳಿದ್ದೇ ಸರಿ.

ಗೋಣಿಕೊಪ್ಪ: ಮೈಕ್ ಸರಿ, ಕಾರಣ ತಪ್ಪು.

ಸೋಮವಾರಪೇಟೆ: ನಮ್ಮ ಕಡೆ ಬಾಳೋಪಾಟ್ (ಕೊಡವರ ಸಾಂಪ್ರದಾಯಿಕ ಹಾಡು) ರೆಕಾರ್ಡ್ ಮಾಡಬೇಕು ಅಂತಿದ್ದಾರೆ. ನಾಲ್ಕು ಜನ, ನಾಲ್ಕು ದುಡಿ (ಡಮರು ಥರದ ಚರ್ಮವಾದ್ಯ). ಅದಕ್ಕೂ ಇದೇನಾ?

ಗೋಣಿಕೊಪ್ಪ: ಅದಕ್ಕೆ ಬೇರೆ. ನಾಲ್ಕು ಜನ ಒಂದು ಮೈಕಿಗೆ ಮುತ್ತಿಕೊಳ್ಳಲು ಆಗುವುದಿಲ್ಲ. ಮಳೆ ಬಿಟ್ಟ ಮೇಲೆ ದೂರದಿಂದ ಕಂಡೆನ್ಸರ್ ಇಡಿ. ಈಗ ನಾಪೋಕ್ಲು ಮಗಳ ವಿಷಯ ಮುಗಿಸೋಣ.

ನಾಪೋಕ್ಲು: ನನ್ನ ಬಜೆಟ್ 5 ಸಾವಿರ. ಶೂರ್ ಅದರಲ್ಲಿ ಬರುವುದಿಲ್ಲ. ಮೇಲೆ ಮೈಕನ್ನು ಲ್ಯಾಪ್‌ಟಾಪ್‌ಗೆ ಜೋಡಿಸುವ ಆ ಡಬ್ಬ ಬೇರೆ ಬೇಕಲ್ಲ, ಇಂಟರ್‌ಫೇಸ್.

ಗೋಣಿಕೊಪ್ಪ: ಶೂರ್ ಆಗಲೇಬೇಕು ಅಂತಿಲ್ಲ. ಯುಎಸ್‌ಬಿ ಇರುವ ಡೈನಾಮಿಕ್ ಹುಡುಕು. ಯುಎಸ್‌ಬಿ, ಎಕ್ಸ್‌ಎಲ್‌ಆರ್ (ಇಂಟರ್‌ಫೇಸ್‌ಗೆ ಚುಚ್ಚುವ ಮೂರು ಪಿನ್ನಿನ ಕನೆಕ್ಟರ್) ಎರಡೂ ಇರುವುದು ಸಿಕ್ಕರೆ ಇನ್ನೂ ಒಳ್ಳೆಯದು. ಈಗ ನೇರ ಲ್ಯಾಪ್‌ಟಾಪ್‌ಗೆ ಚುಚ್ಚು, ಮುಂದೆ ಇಂಟರ್‌ಫೇಸ್ ತಗೊಂಡರೂ ಮೈಕ್ ದಂಡ ಆಗುವುದಿಲ್ಲ. ಸಾಫ್ಟ್‌ವೇರ್‌ಗೆ ದುಡ್ಡು ಬೇಡ, ಆಡಾಸಿಟಿ ಉಚಿತ. ಜೋರು ಹಾಡುವಾಗ ಸಾಫ್ಟ್‌ವೇರಿನ ಮೀಟರ್ ಮೈನಸ್ 12 ಡೆಸಿಬಲ್‌ನ ಹತ್ತಿರ ಇರಲಿ, ಕೆಂಪು ಮುಟ್ಟಬಾರದು.

ಕುಶಾಲನಗರ: ಕರೆಂಟ್ ಹೋದರೆ?

ಗೋಣಿಕೊಪ್ಪ: ಹೋದಾಗಲೇ ರೆಕಾರ್ಡ್ ಮಾಡಬೇಕು! ಫ್ರಿಜ್ ಇಲ್ಲ, ಫ್ಯಾನ್ ಇಲ್ಲ, ಚಾರ್ಜರಿನ ಗುಂಯ್ ಇಲ್ಲ. ಲ್ಯಾಪ್‌ಟಾಪ್ ಬ್ಯಾಟರಿ ಸಾಕು.

ವಿರಾಜಪೇಟೆ: ಮಾಡಿನ ಸದ್ದಿಗೆ ನನ್ನದೊಂದು ಉಪಾಯ. ಕಾರ್ಡಿಯಾಯ್ಡ್ ಮೈಕಿಗೆ ಬೆನ್ನ ಕಡೆ ಕಿವಿ ಮಂದ. ಬಾಯಿಗಿಂತ ಸ್ವಲ್ಪ ಮೇಲೆ ಕಟ್ಟಿ, ಮುಖ ಕೆಳಗೆ ಮಾಡಿ ಇಡು. ಬೆನ್ನು ಮಾಡಿನ ಕಡೆ ಆಯಿತು.

ಗೋಣಿಕೊಪ್ಪ: ಇದು ಒಪ್ಪಿದೆ. ಆದರೆ ಗೋಡೆಗೆ ಬಡಿದು ಬರುವ ಸದ್ದು ಹಾಗೆ ಹೋಗುವುದಿಲ್ಲ. ಹಾಡುವವಳ ಹಿಂದೆ, ಪಕ್ಕ ದಪ್ಪ ರಗ್ಗು ಕಟ್ಟು. ಕಿಟ್‌ನಲ್ಲಿ ಬರುವ ಸ್ಪಾಂಜ್ ಗಾಳಿಗೆ ಮಾತ್ರ, ಮಳೆಗೆ ಅಲ್ಲ.

ನಾಪೋಕ್ಲು: ಮಗಳು ಇದನ್ನೆಲ್ಲಾ ಓದಿದಳು. ಮೊದಲು ಹಾಡಿ ನೋಡುತ್ತೇನೆ, ಆಮೇಲೆ ಕೊಳ್ಳೋಣ ಅಂತಾಳೆ.

ವಿರಾಜಪೇಟೆ: ನಮ್ಮ ಆರ್ಕೆಸ್ಟ್ರಾದ 58 ಒಂದು ಮನೆಯಲ್ಲೇ ಬಿದ್ದಿದೆ, ಸಣ್ಣ ಇಂಟರ್‌ಫೇಸೂ ಇದೆ. ಭಾನುವಾರ ಆ ಕಡೆ ಬರುತ್ತೇನೆ, ಒಂದು ವಾರ ಇಟ್ಟುಕೊಳ್ಳಲಿ. ಲ್ಯಾಪ್‌ಟಾಪ್ ಇಡುವ ಜಾಗದಿಂದ ಹಾಡುವ ಜಾಗಕ್ಕೆ ಎಷ್ಟು ದೂರ? ಮೂರು ಮೀಟರ್ ಕೇಬಲ್ ಸಾಕಾ?